ಮೂರು ಬೆರಳಿನ ಕಾಲರ್

ಎಂಟು ಹನ್ನೆರಡರ ರೈಲಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಅದು ಅಲ್ಲಿನ ಕಾಯ್ದೆ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಯಲ್ಲಿ ಚುಚ್ಚುತ್ತಿರುತ್ತದೆ, ಒಬ್ಬರ ಊಟದ ಡಬ್ಬಿ ಮತ್ತೊಬ್ಬರ ಸೊಂಟಕ್ಕೆ ಬಿಸಿ ಮುಟ್ಟಿಸುತ್ತಿರುತ್ತದೆ, ಯಾರದೋ ಸೀನು ಯಾರದೋ ಕನ್ನಡಕದ ಮೇಲೆ ಒಣಗುತ್ತಿರುತ್ತದೆ, ಆದರೂ ಮಾತಿಲ್ಲ. ಆರು ವರ್ಷ ದಿನಾ ಮುಖ ನೋಡಿದರೂ ಹೆಸರು ಕೇಳುವಂತಿಲ್ಲ. ಹೀಗಿರುವಾಗ ಮೂರನೇ ಬೋಗಿಯಲ್ಲಿ, ಬಾಗಿಲಿನಿಂದ ಎರಡನೇ ಕಂಬಕ್ಕೆ ಒರಗಿ ನಿಲ್ಲುವ ಕಟಿಂಗ್ ಮಾಸ್ಟರು, ಎದುರು ಸೀಟಿನ ಮನುಷ್ಯನಿಗೆ "ಸ್ವಾಮೀ, ನೀವು ಸಾಯ್ತಾ ಇದ್ದೀರಿ" ಅಂತ ಹೇಗೆ ಹೇಳಬೇಕು? ನೀವೇ ಹೇಳಿ.

ಮಾಸ್ಟರ ಕಸುಬು ಬಟ್ಟೆ ಕತ್ತರಿಸುವುದು. ಶಾಲೆ, ಹೋಟೆಲು, ಆಸ್ಪತ್ರೆ, ಕಾವಲುಗಾರರ ಕಂಪನಿ, ಹೀಗೆ ಗುಂಪಿನಲ್ಲಿ ಒಂದೇ ಥರ ಬಟ್ಟೆ ತೊಡುವವರಿಗೆಲ್ಲ ಸಮವಸ್ತ್ರ ಹೊಲಿದುಕೊಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ನಿಂತಿದ್ದಾರೆ. ನಿಂತಿದ್ದಾರೆ ಅಂದರೆ ನಿಂತೇ ಇದ್ದಾರೆ. ಹೊಲಿಯುವವರಿಗೆ ಸ್ಟೂಲು ಇದೆ, ಕತ್ತರಿಸುವವರಿಗಿಲ್ಲ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ನಲವತ್ತು ಪದರ ಹಾಸಿ, ಮೇಲಿನ ಪದರದ ಮೇಲೆ ಚಾಕ್‌ಪೀಸಿನಲ್ಲಿ ಗೀಟು ಹಾಕಿ, ಗುರ್ರೆನ್ನುವ ಕರೆಂಟು ಚಾಕುವಿನಿಂದ ಒಂದೇ ಸಲ ಕತ್ತರಿಸಬೇಕು. ಒಂದು ಗೀಟು ತಪ್ಪಿದರೆ ನಲವತ್ತು ಅಂಗಿ ಕೆಟ್ಟವು ಅಂತಲೇ ಲೆಕ್ಕ. ಬೇರೆಯವರು ಗೀಟು ಹಾಕುವಾಗ ರಟ್ಟಿನ ಅಚ್ಚು ಇಟ್ಟುಕೊಳ್ಳುತ್ತಾರೆ. ಮಾಸ್ಟರು ತೋಳಿಗೆ, ಬೆನ್ನಿಗೆ ರಟ್ಟು ಇಡುತ್ತಾರೆ, ಕುತ್ತಿಗೆಗೆ ಮಾತ್ರ ಇಡುವುದಿಲ್ಲ. "ಕುತ್ತಿಗೆಯ ತಿರುವು ಕೈಗೆ ಗೊತ್ತಿರುತ್ತೆ, ರಟ್ಟಿಗೇನು ಗೊತ್ತಿರುತ್ತೆ ಮಣ್ಣು" ಅನ್ನುವುದು ಅವರ ಮಾತು. ಆ ಮಾತನ್ನು ಕಾರ್ಖಾನೆಯಲ್ಲಿ ಕೇಳಿ ಕೇಳಿ ಕಿವಿ ತೂತಾಗದವರಿಲ್ಲ.

ಅವರು ಕತ್ತರಿಸಿದ ಕುತ್ತಿಗೆಯನ್ನು ಅಳೆದು, ಆ ಅಳತೆಗೆ ಸರಿಯಾಗಿ ಕಾಲರ್ ಹೊಲಿಯುವಾಕೆಯನ್ನು ಎಲ್ಲರೂ ಕಾಲರಕ್ಕ ಅನ್ನುತ್ತಾರೆ. ಆಕೆ ಹೋದ ತಿಂಗಳು ಒಂದು ಅಂಗಿಯನ್ನು ಎತ್ತಿ ಹಿಡಿದು, "ಅಣ್ಣಾ, ಈ ಸಲ ಕುತ್ತಿಗೆ ಯಾಕೋ ದೊಡ್ಡದಾಗಿ ಬಂದಿದೆ ನೋಡಿ" ಅಂದಿದ್ದಳು.

"ನೀನು ಹುಟ್ಟೋಕ್ಕೆ ಮುಂಚೆಯಿಂದ ನಾನು ಕುತ್ತಿಗೆ ಕತ್ತರಿಸ್ತಾ ಇದ್ದೀನಿ" ಅಂದಿದ್ದರು ಮಾಸ್ಟರು. ಕಾಲರಕ್ಕನಿಗೆ ನಲವತ್ತಾರು ವಯಸ್ಸು. ಲೆಕ್ಕ ತಪ್ಪಿತ್ತು, ಆದರೆ ಗದರಿಕೆ ಕೆಲಸ ಮಾಡಿತು. ಆಕೆ ಬಾಯಿ ಮುಚ್ಚಿಕೊಂಡು ದೊಡ್ಡ ಕುತ್ತಿಗೆಗೆ ದೊಡ್ಡ ಕಾಲರ್ ಹೊಲಿದಳು.

ಇಂಥ ಮನುಷ್ಯನನ್ನು ದಿನಾ ನಲವತ್ತೈದು ನಿಮಿಷ ರೈಲಿನಲ್ಲಿ ಸುಮ್ಮನೆ ನಿಲ್ಲಿಸಿದರೆ ಏನು ಮಾಡುತ್ತಾರೆ? ಕಂಡವರ ಅಂಗಿ ಓದುತ್ತಾರೆ. ಪೇಪರು ಓದುವವರು ಪೇಪರು ಓದಿದ ಹಾಗೆ. ಕಂಬದ ಆಚೆಗೆ ನಿಲ್ಲುವ ಗುಮಾಸ್ತನ ಅಂಗಿಗೆ ಮೂರನೇ ಗುಂಡಿಯನ್ನು ಕಪ್ಪು ದಾರದಲ್ಲಿ ಹಾಕಿದೆ, ಉಳಿದದ್ದೆಲ್ಲ ಬಿಳಿ ದಾರ. ಹೆಂಡತಿ ತವರಿಗೆ ಹೋಗಿದ್ದಾಳೆ, ಇವನೇ ಹೊಲಿದುಕೊಂಡಿದ್ದಾನೆ. ಮಾಸ್ಟರು ಅವನಿಗೆ ಗುಂಡಿರಾಯ ಅಂತ ಹೆಸರಿಟ್ಟರು. ಬಾಗಿಲ ಬಳಿ ನಿಂತು, ಹತ್ತಿದ ಕ್ಷಣದಿಂದ ಇಳಿಯುವ ತನಕ ತನ್ನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವಾಕೆ ಫೋನಮ್ಮ. ಪಕ್ಕದವರ ಜೊತೆ ಮಾತಾಡಬಾರದು ಅನ್ನುವ ಕಾಯ್ದೆ ಇದೆಯೇ ಹೊರತು ಪಕ್ಕದವರ ಬಗ್ಗೆ ಮಾತಾಡಬಾರದು ಅಂತ ಎಲ್ಲೂ ಇಲ್ಲವಲ್ಲ, ಆಕೆ ಅದರ ಪೂರ್ತಿ ಲಾಭ ತೆಗೆದುಕೊಳ್ಳುತ್ತಾಳೆ. ಕಿಟಕಿ ಪಕ್ಕ ನಿದ್ದೆರಾಯ. ಸೀಟಿಗೆ ಬೆನ್ನು ತಗುಲಿದ್ದೇ ತಡ ಗೊರಕೆ. ಬಸುರಿ ಬರಲಿ, ಮುದುಕಿ ಬರಲಿ, ಕಣ್ಣು ಬಿಡುವ ಗಿರಾಕಿಯಲ್ಲ. ತನ್ನ ನಿಲ್ದಾಣ ಬಂದಾಗ ಮಾತ್ರ ಗಡಿಯಾರ ಇಟ್ಟ ಹಾಗೆ ಎದ್ದು ನಡೆದುಬಿಡುತ್ತಾನೆ, ನಾಚಿಕೆಗೆಟ್ಟವನು.

ಆ ನಿದ್ದೆರಾಯನ ಪಕ್ಕ ಕೂರುವ ಐವತ್ತರ ಮನುಷ್ಯನೇ ಮಾಸ್ಟರ ನಿದ್ದೆ ಕೆಡಿಸಿದವನು. ಮಳೆಗಾಲ, ಬೇಸಿಗೆ ಅನ್ನದೆ ಕಂದು ಬಣ್ಣದ ಜಿಪ್ಪಿನ ಕೋಟು ಹಾಕಿ, ಅದನ್ನು ಎದೆಯ ತನಕ ಎಳೆದುಕೊಂಡಿರುತ್ತಾನೆ. ಒಳಗಿನ ಅಂಗಿಯಲ್ಲಿ ಕಾಣುವುದು ಬಿಳೀ ಕಾಲರ್ ಒಂದೇ. ಸದಾ ತಲೆ ತಗ್ಗಿಸಿ ನೆಲ ನೋಡುತ್ತಿರುತ್ತಾನೆ. ಮೇಲಿಂದ ನೋಡುವವರಿಗೆ ಅವನ ಕುತ್ತಿಗೆ ಚೆನ್ನಾಗಿ ಕಾಣುತ್ತದೆ. ಮಾಸ್ಟರ ಲೆಕ್ಕದಲ್ಲಿ ಕಾಲರಿಗೂ ಕುತ್ತಿಗೆಗೂ ನಡುವೆ ಒಂದು ಬೆರಳು ಹೋಗಬೇಕು, ಅದು ಆರೋಗ್ಯ. ವರ್ಷದ ಶುರುವಿನಲ್ಲಿ ಇವನದು ಒಂದು ಬೆರಳೇ ಇತ್ತು. ನಾಲ್ಕು ತಿಂಗಳಾದ ಮೇಲೆ ಎರಡು ಬೆರಳಾಯಿತು. ಈಗ ಮೂರು ವಾರದಿಂದ ಮೂರು ಬೆರಳು!

ಎಂಟು ತಿಂಗಳಲ್ಲಿ ಒಬ್ಬ ಮನುಷ್ಯನ ಕುತ್ತಿಗೆ ಅಷ್ಟು ಇಳಿದರೆ ಏನರ್ಥ? ಬಟ್ಟೆ ಸುಳ್ಳು ಹೇಳುವುದಿಲ್ಲ ಅಂತ ನಂಬಿದವರು ಮಾಸ್ಟರು. ಆ ಮನುಷ್ಯನ ಒಳಗೇ ಏನೋ ಕೊರೆಯುತ್ತಿದೆ, ಅವನಿಗೇ ಗೊತ್ತಿಲ್ಲ, ಗೊತ್ತಿದ್ದರೆ ಹೀಗೆ ಆರಾಮಾಗಿ ನೆಲ ನೋಡುತ್ತ ಕೂರುತ್ತಿದ್ದನೇ?

ಮನೆಯಲ್ಲಿ ದಿನಾ ಇದೇ ವರದಿ.

"ಇವತ್ತು ಕಾಲರಿಗೆ ಮೂರು ಬೆರಳು ಕಣೇ" ಅಂದರು ಮಾಸ್ಟರು ಒಂದು ಸಂಜೆ, ಹೊಸಿಲಲ್ಲಿ ಷೂ ಕಳಚುತ್ತ.

ಹೆಂಡತಿ ಮಡಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಊರವರ ಕುತ್ತಿಗೆ ಚಿಂತೆ ನಿಮಗೆ. ನಿಮ್ಮ ಕಾಲು ನೋಡ್ಕೊಳ್ಳಿ ಮೊದಲು. ಬೀದಿ ತಿರುವಿಂದ ಕೇಳಿಸುತ್ತೆ, ಸರ್ ಸರ್ ಅಂತ ಎಡಗಾಲು ಎಳ್ಕೊಂಡು ಬರ್ತೀರಿ. ಡಾಕ್ಟರ ಹತ್ರ ಹೋಗೋಣ ಬನ್ನಿ ಅಂತ ಎಷ್ಟು ಸಲ ಹೇಳಲಿ?"

"ಷೂ ದೊಡ್ಡದು, ಅದಕ್ಕೆ."

"ಹೋದ ಷೂನೂ ದೊಡ್ಡದು ಅಂದ್ರಿ. ಅದಕ್ಕೆ ತಾನೆ ಒಂದು ನಂಬರ್ ಚಿಕ್ಕದು ತಂದಿದ್ದು?"

"ದಿನವಿಡೀ ನಿಲ್ಲೋ ಕಾಲು, ಸ್ವಲ್ಪ ಜೋಮು ಹಿಡಿಯುತ್ತೆ. ಅದಕ್ಕೆಲ್ಲ ಡಾಕ್ಟರಾ?"

ನಿಜ ಹೇಳಬೇಕೆಂದರೆ ಮಾಸ್ಟರಿಗೆ ಒಳಗೊಳಗೇ ಭಯ. ಡಾಕ್ಟರು "ಇನ್ನು ನಿಲ್ಲಬೇಡಿ" ಅಂದುಬಿಟ್ಟರೆ? ಕೂತು ಬಟ್ಟೆ ಕತ್ತರಿಸಿದವರನ್ನು ಅವರು ಕಂಡಿಲ್ಲ. ನಿಲ್ಲಲಾಗದ ಕಟಿಂಗ್ ಮಾಸ್ಟರಿಗೆ ಕಾರ್ಖಾನೆಯಲ್ಲಿ ಏನು ಕೆಲಸ, ಗುಂಡಿ ಎಣಿಸುವುದೇ? ಅದಕ್ಕೇ ಮೇಜಿನ ಮುಂದೆ ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಬಲಕ್ಕೆ ವಾಲಿ ನಿಂತು, ಯಾರಿಗೂ ಗೊತ್ತಾಗದ ಹಾಗೆ ದಿನ ದೂಡುತ್ತಿದ್ದರು. ಯಾರಿಗೂ ಗೊತ್ತಾಗಿಲ್ಲ ಅಂತ ಅವರೇ ಅಂದುಕೊಂಡಿದ್ದರು ಅನ್ನಿ.

"ನನ್ನ ವಿಷಯ ಬಿಡು. ಆ ಮನುಷ್ಯನಿಗೆ ಹೇಳಬೇಕೋ ಬೇಡವೋ?"

ಹೆಂಡತಿ ಕೊನೆಗೂ ತಲೆಯೆತ್ತಿದಳು. "ಅವರ ಮನೆಯಲ್ಲೂ ನನ್ನಂಥವಳು ಒಬ್ಬಳಿರ್ತಾಳೆ. ಹೇಳದೆ ಇದ್ದು ನಾಳೆ ಆ ಸೀಟು ಖಾಲಿ ಆದ್ರೆ, ನೀವು ಅದರಲ್ಲಿ ಕೂರ್ತೀರಾ?"

ಆ ಮಾತು ನಾಟಿತು. ಮಾರನೆಯ ಬೆಳಗ್ಗೆ ಮಾಸ್ಟರು ಪ್ಲಾಟ್‌ಫಾರ್ಮಿನಲ್ಲಿ ಮಾತನ್ನು ಮೂರು ಥರ ಅಭ್ಯಾಸ ಮಾಡಿದರು. "ತಪ್ಪು ತಿಳ್ಕೋಬೇಡಿ" ಅಂತ ಶುರು ಮಾಡುವುದು ಒಂದು. "ಊಟ ಸೇರ್ತಾ ಇದೆಯಾ" ಅಂತ ಕೇಳುವುದು ಎರಡು. ಮೂರನೆಯದು ನೆನಪಾಗುವಷ್ಟರಲ್ಲಿ ರೈಲು ಬಂತು.

ಅವತ್ತೇ ಹಿಂದಿನ ರೈಲು ರದ್ದಾಗಿ, ಎರಡು ರೈಲಿನ ಜನ ಒಂದರಲ್ಲಿ ತುಂಬಿಕೊಂಡಿದ್ದರು. ಕಾಲಿಡುವ ಮುಂಚೆಯೇ ಮಾಸ್ಟರನ್ನು ಹಿಂದಿನವರು ಒಳಗೆ ತಳ್ಳಿ, ಒಳಗಿನವರು ಹೊರಗೆ ತಳ್ಳಿ, ಹಿಟ್ಟು ನಾದಿದ ಹಾಗೆ ನಾದಿ, ಕೊನೆಗೆ ಕಾಲರ್ ಮನುಷ್ಯನ ಮಂಡಿಗೆ ಮಂಡಿ ತಾಗಿಸಿ ನಿಲ್ಲಿಸಿದರು. ಇನ್ನು ಬೇಡವೆಂದರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಾಸ್ಟರು ಬಗ್ಗಿದರು.

"ಸ್ವಾಮೀ, ತಪ್ಪು ತಿಳ್ಕೋಬೇಡಿ..."

ಅದೇ ಗಳಿಗೆಯಲ್ಲಿ ಕಾಲರ್ ಮನುಷ್ಯ ತಲೆ ಎತ್ತಿ, "ಅಣ್ಣಾ, ತಪ್ಪು ತಿಳ್ಕೋಬೇಡಿ..." ಅಂದ.

ಇಬ್ಬರೂ ಕಕ್ಕಾಬಿಕ್ಕಿಯಾಗಿ ನಿಲ್ಲಿಸಿದರು.

"ನೀವು ಹೇಳಿ" ಅಂದ ಅವನು.

"ಇಲ್ಲ ಇಲ್ಲ, ನೀವೇ ಹೇಳಿ."

"ನೀವು ದೊಡ್ಡವರು, ನೀವು ಮೊದಲು."

ಮಾಸ್ಟರು ದನಿ ತಗ್ಗಿಸಿ ಹೇಳಿದರು: "ನಾನು ಅಂಗಿ ಕತ್ತರಿಸೋನು. ಕುತ್ತಿಗೆ ನೋಡೋದು ನನ್ನ ಕಸುಬು. ಎಂಟು ತಿಂಗಳಲ್ಲಿ ನಿಮ್ಮ ಕುತ್ತಿಗೆ ಎರಡು ಬೆರಳು ಇಳಿದಿದೆ. ಹೀಗೆ ಇಳಿಯೋದು ಒಳ್ಳೆಯದಲ್ಲ. ದಯವಿಟ್ಟು ಒಂದು ಸಲ ಡಾಕ್ಟರಿಗೆ ತೋರಿಸಿ."

ದನಿ ತಗ್ಗಿಸಿದ್ದೇ ತಪ್ಪಾಯಿತು. ಕಿರುಚಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಪಿಸುಮಾತು ಅಂದಮೇಲೆ ಇಡೀ ಬೋಗಿಯ ಕಿವಿ ನೆಟ್ಟಗಾಯಿತು. ಬಾಗಿಲ ಬಳಿಯಿಂದ ಫೋನಮ್ಮ, "ತಡಿಯೇ, ತಡಿಯೇ, ಇಲ್ಲಿ ಒಬ್ರಿಗೆ ಏನೋ ಆಗಿದೆಯಂತೆ, ಪಾಪ, ಉಳಿಯೋದು ಕಷ್ಟವಂತೆ" ಅಂತ ತಂಗಿಗೆ ತಿಳಿಸಿದಳು.

ಕಾಲರ್ ಮನುಷ್ಯನ ಮುಖ ಬಿಳಿಚಿಕೊಂಡಿತು. "ನನಗಾ?" ಅಂದ. ಕೈ ತಾನಾಗಿ ಕುತ್ತಿಗೆಗೆ ಹೋಯಿತು.

ಆರು ವರ್ಷ ತುಟಿ ಬಿಚ್ಚದ ಬೋಗಿ ಅಣೆಕಟ್ಟು ಒಡೆದ ಹಾಗೆ ಮಾತಾಡತೊಡಗಿತು. ಗುಂಡಿರಾಯ, "ನಮ್ಮ ಚಿಕ್ಕಪ್ಪನಿಗೂ ಹಿಂಗೇ ಶುರುವಾಗಿದ್ದು. ಆಮೇಲೆ ಆರೇ ವಾರ" ಅಂತ ಧೈರ್ಯ ತುಂಬಿದ. ಯಾರೋ ಬಿಸಿನೀರು ಕುಡಿಯಬೇಕು ಅಂದರು, ಯಾರೋ ಬಿಸಿನೀರೇ ಕೂಡದು ಅಂದರು. ಫೋನಮ್ಮ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, "ನಮ್ಮ ತಂಗಿ ಕೇಳ್ತಾಳೆ, ವಯಸ್ಸೆಷ್ಟು? ಮಕ್ಕಳೆಷ್ಟು?" ಅಂತ ಕೂಗಿದಳು.

"ಒಂದು ನಿಮಿಷ, ಒಂದು ನಿಮಿಷ!" ಕಾಲರ್ ಮನುಷ್ಯ ಕೈ ಎತ್ತಿದ. "ನನ್ನ ತೂಕ ಒಂದು ಗುಂಜಿಯಷ್ಟೂ ಇಳಿದಿಲ್ಲ. ಪ್ಯಾಂಟು ಬಿಗಿ ಆಗ್ತಾ ಇದೆ ಅಂತ ಮನೆಯಲ್ಲಿ ಬೈಸ್ಕೋತಾ ಇದ್ದೀನಿ. ಇದು ಅಂಗಿ ತಪ್ಪು ಸ್ವಾಮೀ, ನನ್ನ ತಪ್ಪಲ್ಲ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋನು. ನಾಲ್ಕು ತಿಂಗಳಿಗೊಂದು ಸಲ ಹೊಸ ಸಮವಸ್ತ್ರ ಕೊಡ್ತಾರೆ, ಪ್ರತಿ ಸಲವೂ ಕುತ್ತಿಗೆ ದೊಡ್ಡದಾಗ್ತಾನೇ ಇದೆ. ನನ್ನೊಬ್ಬನದಲ್ಲ, ಆಸ್ಪತ್ರೆಯವರೆಲ್ಲರದೂ ಹೀಗೇ. ನಮ್ಮ ಉಗ್ರಾಣದವನ ಕಾಲರಿನಲ್ಲಿ ಇನ್ನೊಂದು ತಲೆ ತೂರಿಸಬಹುದು. ಯಾವ ತಲೆಕೆಟ್ಟವನು ಕತ್ತರಿಸ್ತಾನೋ ಏನೋ!"

ಬೋಗಿಯಲ್ಲಿ ನಗು ಎದ್ದಿತು. ಮಾಸ್ಟರಿಗೂ ನಗು ಬಂತು. ಬದುಕಿಕೊಂಡನಲ್ಲ ಪುಣ್ಯಾತ್ಮ! ಎಂಟು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು. ಆ ಖುಷಿಯಲ್ಲಿ, "ಎಲ್ಲಿ, ತೋರಿಸಿ, ಯಾವನು ಆ ದಂಡಪಿಂಡ ನೋಡ್ತೀನಿ. ಒಂದು ಕಾಲರ್ ನೋಡಿದ್ರೆ ಯಾವ ಕಾರ್ಖಾನೆಯದು ಅಂತ ಹೇಳಿಬಿಡ್ತೀನಿ ನಾನು" ಅಂದರು.

ಕಾಲರ್ ಮನುಷ್ಯ ಜಿಪ್ಪು ಇಳಿಸಿ, ಕಾಲರನ್ನು ಹಿಂದಕ್ಕೆ ಮಡಚಿ ತೋರಿಸಿದ. ಕಾಲರಿನ ಒಳಪಟ್ಟಿಯ ತುದಿಯಲ್ಲಿ ಸಾಸಿವೆಯಷ್ಟು ಚಿಕ್ಕದಾದ ಹಸಿರು ದಾರದ ಗಂಟು ಇತ್ತು.

ಅದು ಕಾಲರಕ್ಕನ ಗಂಟು. ತನ್ನ ಕೈಕೆಲಸ ಅಂತ ಗುರುತಿಗೆ ಆಕೆ ಇಪ್ಪತ್ತು ವರ್ಷದಿಂದ ಹಾಕುತ್ತ ಬಂದಿರುವ ಗಂಟು. ಆಕೆ ಹೊಲಿದಳು ಅಂದರೆ ಕತ್ತರಿಸಿದವರು ಬೇರೆ ಯಾರೂ ಅಲ್ಲ.

ಮಾಸ್ಟರ ಬಡಾಯಿ ಎಲ್ಲ ಎಲ್ಲಿ ಹೋಯಿತೋ. ದಂಡಪಿಂಡ ಅಂದದ್ದನ್ನು ವಾಪಸು ನುಂಗುವ ದಾರಿ ಇದ್ದಿದ್ದರೆ ನುಂಗುತ್ತಿದ್ದರು.

"ಯಾವ ಕಾರ್ಖಾನೆಯದು?" ಗುಂಡಿರಾಯ ಬಿಡಲಿಲ್ಲ.

"ನಮ್ಮದೇ" ಅಂದರು ಮಾಸ್ಟರು. "ನಾನೇ."

ಈ ಸಲ ಯಾರೂ ನಗಲಿಲ್ಲ. ಮಾಸ್ಟರ ಮುಖ ಅಷ್ಟು ಸಪ್ಪಗಾಗಿತ್ತು. "ಮೂವತ್ತೊಂದು ವರ್ಷದಲ್ಲಿ ನನ್ನ ಗೀಟು ಒಂದು ನೂಲು ಅತ್ತಿತ್ತ ಹೋಗಿಲ್ಲ ಸ್ವಾಮೀ. ಯಾಕೆ ಹೀಗಾಯ್ತೋ ನನಗೇ ಗೊತ್ತಾಗ್ತಿಲ್ಲ" ಅಂದರು. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

"ನಾನು ಹೇಳಬೇಕು ಅಂತಿದ್ದ ಮಾತು ಅದೇ ಇರಬೇಕು ಅಣ್ಣಾ" ಅಂದ ಆ ಮನುಷ್ಯ ಮೆತ್ತಗೆ. "ನಾನು ಆಸ್ಪತ್ರೆಯಲ್ಲಿ ಬೂಟು ಮಾಡೋನು. ಕಾಲು ಸ್ವಾಧೀನ ತಪ್ಪಿದವರಿಗೆ, ಕಾಲು ಸೊಟ್ಟ ಇರೋರಿಗೆ ಅಳತೆ ತಗೊಂಡು ಬೂಟು ಮಾಡ್ತೀನಿ. ನಿಮಗೆ ನನ್ನ ಕುತ್ತಿಗೆ ಕಂಡ ಹಾಗೆ, ಕೂತಲ್ಲಿಂದ ನನಗೆ ನಿಮ್ಮ ಕಾಲು ಕಾಣುತ್ತೆ. ನಮ್ಮ ಮನೆಯಲ್ಲಿ ನಿಮಗೆ ಎಡಗಾಲು ಅಂತ ಹೆಸರು. ನಿಮ್ಮ ಎಡ ಷೂವಿನ ಮೂತಿ ನೋಡಿ, ಹೇಗೆ ಸವೆದಿದೆ. ಬಲಗಾಲಿನದು ಹೊಸದರ ಹಾಗಿದೆ. ಹತ್ತುವಾಗ ಆ ಕಾಲಿನ ತುದಿ ಮೇಲೇಳೋದಿಲ್ಲ, ನೆಲಕ್ಕೆ ಉಜ್ಜುತ್ತೆ. ಎಂಟು ತಿಂಗಳಿಂದ ನೋಡ್ತಾ ಇದ್ದೀನಿ, ದಿನಾ ಹೇಳಬೇಕು ಅಂತ ಬರ್ತೀನಿ, ಬಾಯೇ ಬರೋದಿಲ್ಲ. ಹೇಳು ಹೇಳು ಅಂತ ಹೆಂಡತಿ ಪ್ರಾಣ ತಿಂತಾಳೆ."

"ಜೋಮು ಅಷ್ಟೇ" ಅಂದರು ಮಾಸ್ಟರು, ಅಭ್ಯಾಸಬಲದಿಂದ.

"ಹಾಗಿದ್ರೆ ಒಂದು ಕೆಲಸ ಮಾಡಿ. ಕಂಬ ಹಿಡ್ಕೊಂಡು, ಎರಡೂ ಹಿಮ್ಮಡಿ ಮೇಲೆ ನಿಂತು, ಮುಂಗಾಲು ಎತ್ತಿ."

ಜಾಗ ಎಲ್ಲಿತ್ತೋ, ದೇವರೇ ಬಲ್ಲ, ಜನ ಹಿಂದೆ ಸರಿದು ಮಾಸ್ಟರ ಕಾಲ ಸುತ್ತ ಒಂದು ಗೇಣು ನೆಲ ಬಿಡಿಸಿಕೊಟ್ಟರು. ಅಷ್ಟೂ ಜನ ತಲೆ ಬಗ್ಗಿಸಿ ಎರಡು ಷೂಗಳನ್ನು ನೋಡಿದರು. ಬಲಗಾಲಿನ ಮೂತಿ ಮೇಲೆದ್ದಿತು. ಎಡಗಾಲಿನದು ಏಳಲಿಲ್ಲ. ಮಾಸ್ಟರು ಹಲ್ಲು ಕಚ್ಚಿದರು, ಹಣೆಯ ನರ ಉಬ್ಬಿತು, ಕಿವಿ ಕೆಂಪಾಯಿತು. ಷೂ ನೆಲ ಬಿಟ್ಟು ಅಲ್ಲಾಡಲಿಲ್ಲ.

ಆಗ ಅವರಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಎಡಗಾಲು ಸೋತದ್ದಕ್ಕೆ ಬಲಕ್ಕೆ ವಾಲಿದ್ದು, ಮೈ ವಾಲಿದ್ದಕ್ಕೆ ಕೈ ಜಾರಿದ್ದು, ಕೈ ಜಾರಿದ್ದಕ್ಕೆ ಗೀಟು ಹೊರಕ್ಕೆ ಹೋದದ್ದು. ಎಂಟು ತಿಂಗಳು ಅವನ ಕುತ್ತಿಗೆಯಲ್ಲಿ ಅವರು ಓದುತ್ತಿದ್ದದ್ದು ತಮ್ಮದೇ ಕಾಯಿಲೆಯನ್ನು. ಕಾಲು ಇನ್ನಷ್ಟು ಸೋತ ಹಾಗೆಲ್ಲ ಆಸ್ಪತ್ರೆಯವರ ಕಾಲರ್ ಇನ್ನಷ್ಟು ಸಡಿಲವಾಗಿತ್ತು. ಹೆಂಡತಿಯ ಮುಖ ಕಣ್ಣಮುಂದೆ ನಿಂತಿತು, ಕಣ್ಣು ತುಂಬಿ ಬಂತು, ಅಷ್ಟು ಜನರ ಮುಂದೆ ಒರೆಸಿಕೊಳ್ಳಲು ಕೈಯೆತ್ತುವಷ್ಟು ಜಾಗವೂ ಇರಲಿಲ್ಲ.

"ಕೂತ್ಕೊಳ್ಳಿ" ಅಂತ ಯಾರೋ ಅಂದರು.

ನೋಡಿದರೆ ನಿದ್ದೆರಾಯ! ಎದ್ದು ನಿಂತಿದ್ದ. ಕಣ್ಣು ನಿಚ್ಚಳವಾಗಿತ್ತು, ನಿದ್ದೆಯ ಸುಳಿವೇ ಇಲ್ಲ. ಆರು ವರ್ಷದ ಗೊರಕೆಯೆಲ್ಲ ನಾಟಕ ಅಂತ ಇಡೀ ಬೋಗಿಗೆ ಗೊತ್ತಾಗಿಹೋಯಿತು. ಗೊತ್ತಾಯಿತು ಅನ್ನುವುದು ಅವನಿಗೂ ಗೊತ್ತಾಯಿತು. "ಏನ್ ನೋಡ್ತೀರಿ ಎಲ್ರೂ? ಕೂರಿಸ್ರೀ ಅವರನ್ನ ಮೊದಲು" ಅಂತ ಗದರಿದ.

"ಇಲ್ಲ ಕಣೇ, ಸಾಯೋರು ಅವರಲ್ಲ, ಇವರು. ಅಲ್ಲ, ಇವರೂ ಸಾಯೋದಿಲ್ಲ, ಕಾಲು ಅಷ್ಟೇ" ಅಂತ ಫೋನಮ್ಮ ತಿದ್ದುಪಡಿ ಕಳಿಸುತ್ತಿದ್ದಳು.

ಮಾಸ್ಟರು ಅವತ್ತು ಕಾರ್ಖಾನೆಯ ನಿಲ್ದಾಣದಲ್ಲಿ ಇಳಿಯಲಿಲ್ಲ. ಬೂಟಿನವನು ಅವರ ತೋಳು ಹಿಡಿದು ನೇರ ತನ್ನ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಾಗಿಲ ಕಾವಲುಗಾರನಿಂದ ಹಿಡಿದು ಚೀಟಿ ಬರೆಯುವವನ ತನಕ ಪ್ರತಿಯೊಬ್ಬನ ಕಾಲರೂ ಮೂರು ಬೆರಳು ಸಡಿಲ. ಮಾಸ್ಟರು ತಲೆ ತಗ್ಗಿಸಿಕೊಂಡೇ ನಡೆದರು. ಇಷ್ಟೊಂದು ಸಾಕ್ಷಿಗಳನ್ನು ಒಟ್ಟಿಗೆ ಎದುರಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಡಾಕ್ಟರು ಕಾಲು ಬಡಿದು, ಬೆನ್ನು ಒತ್ತಿ, ಚಿತ್ರ ತೆಗೆಸಿ, ಸೊಂಟದ ಹತ್ತಿರ ಒಂದು ನರ ಒತ್ತಿಕೊಂಡಿದೆ ಅಂದರು. "ಈಗ ಬಂದದ್ದು ಒಳ್ಳೆಯದಾಯ್ತು. ಇನ್ನು ಎರಡು ಮೂರು ತಿಂಗಳು ಬಿಟ್ಟಿದ್ರೆ ಈ ಕಾಲು ಎತ್ತೋ ಆಸೆ ಬಿಡಬೇಕಾಗಿತ್ತು."

ಸುದ್ದಿ ಕೇಳಿ ಓಡಿ ಬಂದ ಹೆಂಡತಿ ಮೊದಲು ಅತ್ತಳು, ಆಮೇಲೆ ಬೈದಳು. "ನಾನು ವರ್ಷದಿಂದ ಬಡ್ಕೊಂಡೆ, ಕೇಳಲಿಲ್ಲ. ರೈಲಲ್ಲಿ ಯಾರೋ ಅಂದ ಕೂಡಲೇ ಓಡಿ ಬಂದ್ರಿ!" ಅಂದಳು. ಆಮೇಲೆ ಆ ಯಾರೋ ಎದುರಿಗೇ ನಿಂತಿರುವುದು ಗೊತ್ತಾಗಿ, ಎರಡೂ ಕೈ ಮುಗಿದು ಮತ್ತೆ ಅತ್ತಳು.

ಆಪರೇಷನ್ ಆಯಿತು. ಎರಡು ತಿಂಗಳು ಮನೆಯಲ್ಲಿ ಕಾಲಿನ ವ್ಯಾಯಾಮ ಆಯಿತು. ಕಾಲಿನ ತುದಿ ಎತ್ತಿ ಹಿಡಿಯುವ ಪಟ್ಟಿ ಇಟ್ಟು ಬೂಟಿನವನೇ ಒಂದು ಜೊತೆ ಬೂಟು ಮಾಡಿಕೊಟ್ಟ. ಕಾರ್ಖಾನೆಯಲ್ಲಿ ಕಾಲರಕ್ಕ ಮೇಜಿನ ಪಕ್ಕ ಎತ್ತರದ ಸ್ಟೂಲು ಹಾಕಿಸಿ, "ಅಣ್ಣಾ, ಕೂತು ಕತ್ತರಿಸಿ. ರಟ್ಟೂ ಇಟ್ಟಿದ್ದೀನಿ" ಅಂದಳು. ಮಾಸ್ಟರು ತುಟಿಪಿಟಕ್ಕೆನ್ನದೆ ಕೂತರು, ಕುತ್ತಿಗೆಗೆ ರಟ್ಟೂ ಇಟ್ಟರು. ಮೊದಲು ಕತ್ತರಿಸಿದ್ದು ಆಸ್ಪತ್ರೆಯ ಅಂಗಿಗಳನ್ನೇ. ಹೆಂಡತಿಯ ಹಟಕ್ಕೆ ಮೊದಲ ಒಂದು ತಿಂಗಳು ಆಟೋದಲ್ಲೇ ಕಾರ್ಖಾನೆಗೆ ಹೋಗಿಬಂದರು.

ಮತ್ತೆ ಎಂಟು ಹನ್ನೆರಡರ ರೈಲು ಹತ್ತಿದ ದಿನ ಮೂರನೇ ಬೋಗಿಯಲ್ಲಿ ಎಂದಿನ ಹಾಗೆ ಯಾರೂ ಮಾತಾಡಲಿಲ್ಲ. ಕಾಯ್ದೆ ಕಾಯ್ದೆಯೇ. ಆದರೆ ಮಾಸ್ಟರು ಬಾಗಿಲಲ್ಲಿ ಕಾಣಿಸಿದ್ದೇ ತಡ, ಅಷ್ಟೂ ಜನರ ಕಣ್ಣು ಅವರ ಮುಖಕ್ಕೆ ಹೋಗದೆ ಎಡಗಾಲಿಗೆ ಹೋಯಿತು. ಫೋನಮ್ಮ ಫೋನಿನಲ್ಲಿ ಅರ್ಧ ಮಾತಿಗೇ ನಿಲ್ಲಿಸಿದಳು. ನಿದ್ದೆರಾಯ ಒಂದು ಕಣ್ಣು ಬಿಟ್ಟ. ಗುಂಡಿರಾಯ ಕೈ ಬೀಸಿದ. ಅವನ ಮೂರನೇ ಗುಂಡಿಗೆ ಬಿಳೀ ದಾರ ಬಂದಿತ್ತು.

ಮಾಸ್ಟರು ಕಂಬ ಹಿಡಿದು ಹಿಮ್ಮಡಿಯ ಮೇಲೆ ನಿಂತು, ಎಡಗಾಲಿನ ತುದಿಯನ್ನು ಎತ್ತಿದರು. ಅದು ಎರಡು ಬೆರಳಿನಷ್ಟು ಎದ್ದಿತು. ಎದುರಿನ ಸೀಟಿನಲ್ಲಿ ಬೂಟಿನವನು ಕೋಟಿನ ಜಿಪ್ಪು ಇಳಿಸಿ, ಹೊಸ ಅಂಗಿಯ ಕಾಲರಿನೊಳಗೆ ಬೆರಳು ತೂರಿಸಿ ತೋರಿಸಿದ. ಒಂದೇ ಬೆರಳು ಹೋಯಿತು.